ಉಬ್ಬರದ ಪ್ಲಗಿನ್

ಎರಡು ಸರಳಿನ ಹೀಟರಿನಲ್ಲಿ ಒಂದೇ ಸರಳು ಕೆಂಪಗಿತ್ತು.
ಫೆಬ್ರವರಿ. ಗಲೀಸಿಯಾದ ಮಳೆ ಕಿಟಕಿಗೆ ಅಡ್ಡಡ್ಡ.
ಮೀನುಗಾರರ ಸಂಘದ ಅಧ್ಯಕ್ಷ ಅಮಾನ್ಸಿಯೊ ಹೇಳಿದ್ದು ಇಷ್ಟೇ:
"ಜಾಲತಾಣದಲ್ಲಿ ಇಳಿತದ ಹೊತ್ತು ಕಾಣಬೇಕು, ಉಶೀಯಾ.
ಗೋಡೆಯ ಚೀಟಿ ನೋಡೋಕೆ
ಹೆಂಗಸರು ಇಲ್ಲಿತನಕ ನಡೆದು ಬರ್ತಾರೆ, ಪಾಪ."

ಹುಡುಕಿದೆ. ಎಂಟು ಸಿಕ್ಕವು.
ಒಂದಕ್ಕೆ ತಿಂಗಳಿಗೆ ಒಂಬತ್ತು ಯೂರೋ.
ಒಂದಕ್ಕೆ ಸದಸ್ಯರ ಪಟ್ಟಿಯೇ ಬೇಕಂತೆ.
ಇಳಿತ ತೋರಿಸಲು ನಮ್ಮ ಹೆಸರು ಇವನಿಗೇಕೆ,
ಕಡಲು ಇಳಿಯಲು ಯಾವ ದೊಣ್ಣೆನಾಯಕನ ಅಪ್ಪಣೆ?
ಕೊನೆಗೆ ಉಳಿದದ್ದು ಪುಕ್ಕಟೆಯದು.
ಕಡೆಯ ಪರಿಷ್ಕರಣೆ: ನಾಲ್ಕು ವರ್ಷದ ಹಿಂದೆ.
ನಿಮ್ಮ ಆವೃತ್ತಿಯೊಂದಿಗೆ ಪರೀಕ್ಷಿಸಿಲ್ಲ.
ಬರೆದವನ ಹೆಸರು ಬರೀ ಎರಡಕ್ಷರ,
ಊರಿಲ್ಲ, ಮುಖವಿರಬೇಕಾದಲ್ಲಿ ಬೂದು ಬಣ್ಣದ ದುಂಡು.

ಸ್ಥಾಪಿಸು ಅಂದೆ. ಸಕ್ರಿಯಗೊಳಿಸು ಅಂದೆ.
ಪುಟ ಬೆಳ್ಳಗಾಯಿತು.
ಹರಾಜಿನ ದರ, ಪರವಾನಗಿಯ ಅರ್ಜಿ, ತೀರಿಕೊಂಡವರ ಪಟ್ಟಿ
ಎಲ್ಲವನ್ನೂ ನುಂಗಿ ಸುಮ್ಮನೆ ಕೂತ ಬಿಳುಪು.
ನಾನು ಒಳಹೋಗುವ ಬಾಗಿಲೂ ಅದರ ಹೊಟ್ಟೆಯಲ್ಲೇ.
ಫೋನಿನಲ್ಲಿ ಅಕ್ಕನ ಮಗ ಬ್ರೈಶೊ:
"ಹಿತ್ತಿಲಿಂದ ಹೋಗು. ಸರ್ವರಿನಲ್ಲಿ
ಆ ಫೋಲ್ಡರಿನ ಹೆಸರು ಕೆಡಿಸು.
ಕೂಗಿದಾಗ ಅದು ಓಗೊಡದಿದ್ದರೆ
ಮನೆ ಅದನ್ನ ಮರೆತು ತನ್ನ ಪಾಡಿಗೆ ಏಳುತ್ತೆ."
ಹೆಸರಿನ ಬಾಲಕ್ಕೆ ಒಂದು ಅಡಿಗೆರೆ ಅಂಟಿಸಿದೆ.
ಎದ್ದಿತು.

ತಂಟೆ ಹಳೆಯ ಚಿತ್ರಮಾಲೆಯ ಪ್ಲಗಿನ್ನಿನದು:
ಎರಡೂ ಒಂದೇ ಹೆಸರು ನನ್ನದು ನನ್ನದೆಂದು
ನಲ್ಲಿಯ ಬಳಿ ಜಗಳಕ್ಕೆ ನಿಂತಿದ್ದವು.
ಹಳೆಯದನ್ನು ಕಿತ್ತೆ.
ಯಾವುದೋ ಕಾಲದ ದೋಣಿ ಸ್ಪರ್ಧೆಯ ಫೋಟೊ
ಈಗ ಯಾರು ನೋಡುತ್ತಾರೆ.

ಬಂದರು: ಆರಿಸಿದೆ. ಅಳತೆ: ಮೀಟರು.
ಅಕ್ಷರದ ಬಣ್ಣ: ಕಡುನೀಲಿ, ಮೂರು ಸಲ ಬದಲಿಸಿ.
ಕೆಳಗೊಂದು ಸಾಲು, ಸಮಯವಲಯ,
ಅದರೆದುರು ಸೊನ್ನೆ.
ಸೊನ್ನೆ ಅಂದರೆ ಏನೂ ಇಲ್ಲ ಅಂದುಕೊಂಡೆ.
ಉಳಿಸು.

ಸೋಮವಾರ, ಬೆಳಕು ಹರಿಯುವ ಮುಂಚೆ
ಇಪ್ಪತ್ತೆರಡು ಹೆಂಗಸರು, ಎದೆಮಟ್ಟದ ರಬ್ಬರು ಪ್ಯಾಂಟು,
ಹೆಗಲ ಮೇಲೆ ಹಲುಬೆ, ಕೈಯಲ್ಲಿ ಬಕೆಟ್ಟು,
ಕಪ್ಪೆಚಿಪ್ಪು ಕೆದಕಲು ಬಂದು ನಿಂತರೆ
ಕಡಲು ಇನ್ನೂ ಮೆಟ್ಟಿಲ ಮೇಲೆ.
ಚಂದ್ರ ನಮ್ಮ ಪುಟ ಓದುವುದಿಲ್ಲ.

ಕೋಟಿನ ಗುಂಡಿ ತಪ್ಪುತಪ್ಪಾಗಿ ಹಾಕಿಕೊಂಡು ಓಡಿದೆ,
ಬೈಗುಳಕ್ಕೆ ದಾರಿಯಲ್ಲೇ ತಲೆ ಬಗ್ಗಿಸಿಕೊಂಡು.
ಅಲ್ಲಿ ಬಕೆಟ್ಟು ಬೋರಲು ಹಾಕಿ ಕೂತಿದ್ದರು.
ಫ್ಲಾಸ್ಕಿನ ಕಾಫಿ ಕೈಯಿಂದ ಕೈಗೆ.
ಎರ್ಮಿಂದಾ ಹೇಳುತ್ತಿದ್ದಳು: ಗುರುವಾರ ಆಪರೇಷನ್,
ಎಡ ಮೊಲೆ, ಮನೆಯಲ್ಲಿನ್ನೂ ಹೇಳಿಲ್ಲ.
ಯಾರೂ ಅಯ್ಯೋ ಅನ್ನಲಿಲ್ಲ.
"ನಿನ್ನ ಪಾಲಿನ ಕಿಲೋ ನಾವು ಕೆದಕ್ತೀವಿ" ಅಂದಳೊಬ್ಬಳು,
ಇನ್ನೊಬ್ಬಳು ಬೆರಳು ಮಡಿಸಿ ಆಗಲೇ ದಿನ ಹಂಚುತ್ತಿದ್ದಳು.
ಹದಿನೇಳು ವರ್ಷ ಒಂದೇ ಮರಳಿಗೆ ಬಗ್ಗಿದವರು
ಬೆನ್ನು ನೆಟ್ಟಗೆ ಮಾಡಿ ಎದುರುಬದುರು ಕೂತದ್ದು
ಇದೇ ಮೊದಲಂತೆ.

ನೀರು ಇಳಿಯಿತು, ತನ್ನ ಹೊತ್ತಿಗೆ.
ಮಧ್ಯಾಹ್ನ ಸೊನ್ನೆ ಅಳಿಸಿ ಒಂದು ಬರೆದೆ.

ಶುಕ್ರವಾರ ದೊಸಿಂದಾ ಬಂದಳು, ಬೂಟಿನ ಮರಳು ಉದುರಿಸುತ್ತ:
"ಆ ತಪ್ಪು ಇನ್ನೊಂದ್ಸಲ ಹಾಕೋಕಾಗತ್ತಾ?
ತಿಂಗಳಿಗೊಮ್ಮೆ ಸಾಕು. ಅಮಾನ್ಸಿಯೊಗೆ ಹೇಳಬೇಡ."
ಆಮೇಲೆ ಬಾಗಿಲಲ್ಲಿ ನಿಂತು,
"ದೋಣಿಯ ಫೋಟೊ ಎಲ್ಲಿ ಹೋದವು?"

ಸೆಟ್ಟಿಂಗ್ಸ್ ತೆರೆದು ಕೂತಿದ್ದೇನೆ.
ನಲವತ್ತೊಂದು ಚೌಕ. ಅವಳು ಕೇಳಿದ್ದಕ್ಕೆ ಒಂದೂ ಇಲ್ಲ.
ಮೂಲೆಯಲ್ಲಿ ಕೆಂಪು ಚುಕ್ಕೆ: ಹೊಸ ಆವೃತ್ತಿ ಬಂದಿದೆ.
ನಾಲ್ಕು ವರ್ಷದ ಮೇಲೆ ಆ ಎರಡಕ್ಷರದವನು
ಎಲ್ಲೋ ಎದ್ದು ಕೂತಿದ್ದಾನೆ.
ಏನು ಬದಲಾಗಿದೆ ಎಂಬಲ್ಲಿ ಒಂದೇ ವಾಕ್ಯ:
ಸಮಯವಲಯವನ್ನು ಈಗ ತಾನಾಗಿಯೇ ಗುರುತಿಸುತ್ತದೆ.

ಹೀಟರಿಗೆ ಒಂದು ಏಟು ಕೊಟ್ಟೆ. ಎರಡನೇ ಸರಳು ಹತ್ತಲಿಲ್ಲ.
ಪರಿಷ್ಕರಿಸು ಎಂಬ ಗುಂಡಿಯ ಮೇಲೆ ಬಾಣವಿಟ್ಟು,
ಒತ್ತದೆ,
ಬ್ರೈಶೊಗೆ ಫೋನು ಮಾಡುತ್ತಿದ್ದೇನೆ,
ಕಿತ್ತ ಫೋಟೊ ಹಿತ್ತಿಲಲ್ಲಿ ಇನ್ನೂ ಇರಬಹುದೇ ಎಂದು ಕೇಳಲು.